ಹಾಡಿನಲ್ಲಿ ಅಪ್ಪನ ಹೆಸರು

ನಮ್ಮ ಮನೆಯಲ್ಲಿ ಹತ್ತಿ ಎಲ್ಲೆಲ್ಲಿತ್ತು ಎಂದು ಕೇಳಬಾರದು, ಎಲ್ಲಿ ಇರಲಿಲ್ಲ ಎಂದು ಕೇಳಬೇಕು. ಸಾರಿನ ಮೇಲೆ ತೇಲುತ್ತಿತ್ತು, ಅವ್ವನ ಹುಬ್ಬಿನಲ್ಲಿ ಕೂತಿರುತ್ತಿತ್ತು, ನನ್ನ ಪಾಟೀಚೀಲದ ಮೂಲೆಯಲ್ಲಿ ಉಂಡೆಯಾಗಿ ಸಿಗುತ್ತಿತ್ತು. ಶುಕ್ರವಾರ ಲೋಬಾನ ಹಾಕಿದರೆ ಹೊಗೆಯ ಜೊತೆ ಮೇಲೆದ್ದು, ಹೊಗೆ ಕರಗಿದ ಮೇಲೆ ನಮ್ಮ ತಲೆಯ ಮೇಲೇ ಇಳಿಯುತ್ತಿತ್ತು. ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅಪ್ಪನ ಕಸುಬು. ಹಳೇ ಹುಬ್ಬಳ್ಳಿಯಲ್ಲಿ, ಎದುರಿಗೆ ಎಮ್ಮೆ ಬಂದರೆ ಮನುಷ್ಯನೇ ಹಿಂದೆ ಸರಿಯಬೇಕಾದಂಥ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಅಪ್ಪನ ಅಂಗಡಿ. ಅಲ್ಲಿ ತೊಲೆಗೆ ಹಗ್ಗ ಕಟ್ಟಿ ಇಳಿಬಿಟ್ಟ ದೊಡ್ಡ ಬಿಲ್ಲು, ಅಜ್ಜನ ಕಾಲದ್ದು. ಅದರ ನರವನ್ನು ಕಟ್ಟಿಗೆಯ ಗುಂಡಿನಿಂದ ಬಡಿದರೆ ಹತ್ತಿ ಬಿಡಿಬಿಡಿಯಾಗಿ ಹಾರಿ ಬೀಳುತ್ತಿತ್ತು. ನಡುಕೋಣೆಯಲ್ಲಿ ಒಂದು ಟ್ರಂಕು, ಗೋಡೆಗೆ ಒರಗಿಸಿದ ಗಾದಿಗಳು. ಹಿಂದೆ ಅಡುಗೆಮನೆ. ಮದುವೆಗೆಂದು ಯಾರೋ ಹೊಲಿಸಿದ ಹೊಸ ಗಾದಿಯ ಮೇಲೆ ಮೊದಲ ರಾತ್ರಿ ಮಲಗುತ್ತಿದ್ದವರು ನಾವೇ. ಜಾಗ ಬೇರೆ ಇರಲಿಲ್ಲ. ಬೆಳಿಗ್ಗೆ ಅವ್ವ ಅದನ್ನು ಬಿಸಿಲಿಗೆ ಹಾಕಿ, ಬಡಿದು, ಹೊಸದೆಂಬಂತೆ ಮುಖ ಮಾಡಿ ಕೊಟ್ಟು ಕಳಿಸುತ್ತಿದ್ದಳು. ಈಗ ಧಾರವಾಡದ ಕೆಲಗೇರಿಯಲ್ಲಿ ನನಗೆ ನಾಲ್ಕು ಕೋಣೆಯ ಮನೆಯಿದೆ, ಅಂಗಡಿಯಿಂದ ತಂದ ಫೋಮಿನ ಹಾಸಿಗೆಯಿದೆ, ನಿದ್ದೆ ಇಲ್ಲ. ಸಾಲಿಯ ಕೆಲಸದಿಂದ ನಿವೃತ್ತಳಾಗಿ, ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟು, ಮೊಣಕಾಲು ಹಿಡಿದುಕೊಂಡು ಓಡಾಡುವ ಈ ದಿನಗಳಲ್ಲಿ ನನಗೆ ಹಳೆಯದನ್ನು ನೆನೆಯುವ ಹುಮ್ಮಸ್ಸೂ ಅಷ್ಟಾಗಿ ಉಳಿದಿಲ್ಲ. ಆದರೂ ಇಮಾಮಬಿ ಅತ್ತಿ ನಮ್ಮ ಮನೆಯಲ್ಲಿದ್ದ ಆ ಒಂದು ಕಾಲವನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ.

ಇಮಾಮಬಿ ಅತ್ತಿ ಅಪ್ಪನ ತಂಗಿ. ನವಲಗುಂದದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಒಂದು ಮಧ್ಯಾಹ್ನ, ನಾವು ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದಾಗ, ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಜೊತೆಗೆ ಯಾವಾಗಲೂ ಸೆರಗು ಹಿಡಿದುಕೊಂಡೇ ಬರುತ್ತಿದ್ದ ಅವಳ ಮಗಳು ಮುನ್ನಿ ಇರಲಿಲ್ಲ. ಅವ್ವ ಮೊದಲು ಕೇಳಿದ್ದು ಅದನ್ನೇ.

"ಮುನ್ನಿ ಎಲ್ಲೆ ಇಮಾಮಬಿ?"

"ಅಲ್ಲೇ ಇಟ್ಕೊಂಡಾರ್ರಿ ವೈನಿ. ನನಗಷ್ಟ ಹೋಗಂದ್ರು."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಅತ್ತಿ ಗಂಟು ಬಿಚ್ಚಿದಳು. ಎರಡು ಸೀರೆ, ಒಂದು ಹಣಿಗೆ, ಮುನ್ನಿಯ ಒಂದು ಲಂಗ, ಮತ್ತೆ ಒಂದು ಕ್ಯಾಸೆಟ್ಟು. ಅದರ ಹೊದಿಕೆಯ ಮೇಲೆ ಮೂಗುತಿ ಇಟ್ಟುಕೊಂಡ ಹೆಂಗಸೊಬ್ಬಳು ಬೀಸುತ್ತ ಕೂತಿರುವ ಚಿತ್ರ. ಮೇಲೆ 'ನಸುಕಿನ ಬೀಸುಕಲ್ಲು' ಎಂದು, ಕೆಳಗೆ 'ಹಳ್ಳಿಯ ಹೆಣ್ಣುಮಕ್ಕಳು ಹಾಡಿದ್ದು' ಎಂದು. ಅಷ್ಟೇ. ಯಾರ ಹೆಸರೂ ಇಲ್ಲ.

ನಡೆದದ್ದು ಇಷ್ಟು. ಧಾರವಾಡದ ಒಬ್ಬ ಮೇಷ್ಟ್ರು ಬೀಸುವ ಪದಗಳನ್ನು ಹುಡುಕಿಕೊಂಡು ಅತ್ತಿಯ ಗಂಡನ ಊರಿಗೆ ಬಂದಿದ್ದರು. ನಾಲ್ಕಾರು ಹೆಣ್ಣುಮಕ್ಕಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕರೆತಂದು ಹಾಡಿಸಿದರು. ಅತ್ತಿಯ ಗಂಡನೇ ಮುಂದೆ ನಿಂತು ಅವಳನ್ನು ಟೆಂಪೋ ಹತ್ತಿಸಿದವನು. ಆಗ ಅವನಿಗೆ ಹೆಮ್ಮೆಯೇ. ಕ್ಯಾಸೆಟ್ಟು ಹೊರಗೆ ಬಂದು ಊರ ಚಹಾದಂಗಡಿಯಲ್ಲಿ ಬೆಳಗ್ಗೆ ಸಂಜೆ ಕೂಗತೊಡಗಿದ ಮೇಲೆ ಗಾಳಿ ತಿರುಗಿತು. ಕಟ್ಟೆಯ ಮೇಲೆ ಕೂತವರು ಕೆಣಕಿದರು: ನಿನ್ನ ಹೆಂಡತಿ ನಿನ್ನ ಮನೆಯಲ್ಲಷ್ಟೇ ಅಲ್ಲ, ಎಲ್ಲರ ಅಂಗಡಿಯಲ್ಲೂ ಹಾಡುತ್ತಾಳಲ್ಲಪ್ಪ. ಅವನು ನಕ್ಕು ಬಿಟ್ಟಿದ್ದರೆ ಆಗುತ್ತಿತ್ತು. ಅವನ ಅಣ್ಣ ನಗುವ ಪೈಕಿ ಅಲ್ಲ. ಮನೆತನದ ಮಾನ ಅಂಗಡಿಗೆ ಬಿತ್ತು ಎಂದು ಗದ್ದಲ ಎಬ್ಬಿಸಿ, ತಮ್ಮನ ತಲೆ ತಿರುಗಿಸಿ, ಅತ್ತಿಯನ್ನು ತವರಿಗೆ ಅಟ್ಟಿಸಿದ. ಮುನ್ನಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಹಾಡನ್ನು ಹಾಡಿದ್ದಕ್ಕಿಂತ ಹಾಡಿನಲ್ಲಿ ಆದ ಒಂದು ತಪ್ಪೇ ಮುಂದೆ ದೊಡ್ಡದಾಯಿತು. ಬೀಸುವ ಪದದಲ್ಲಿ ತವರನ್ನು ನೆನೆಯುವ ಕಡೆ ಒಂದು ಖಾಲಿ ಜಾಗ ಇರುತ್ತದೆ. ಯಾವಾಕೆ ಬೀಸುತ್ತಾಳೋ ಆಕೆಯ ಅಣ್ಣನ ಹೆಸರು ಅಲ್ಲಿ ಬರಬೇಕು. ಅಣ್ಣ ಇಲ್ಲದವಳು ಯಾವುದಾದರೂ ದೇವರ ಹೆಸರೋ ಶರಣರ ಹೆಸರೋ ಸೇರಿಸುತ್ತಾಳೆ. ಮೇಷ್ಟ್ರು ಮೊದಲೇ ಹೇಳಿದ್ದರಂತೆ, ನಾಡಿನವರೆಲ್ಲ ಕೇಳುವ ಕ್ಯಾಸೆಟ್ಟು ಇದು, ನಿಮ್ಮ ಮನೆಯವರ ಹೆಸರು ಬೇಡ, ಎಲ್ಲರೂ 'ಸಿದ್ದಣ್ಣ' ಅನ್ನಿ ಎಂದು. ಅತ್ತಿ ಒಪ್ಪಿದ್ದಳು. ಆದರೆ ಕಲ್ಲಿನ ಸಪ್ಪಳವೂ ಬೇಕೆಂದು ಅವರು ಒಂದು ಬೀಸುಕಲ್ಲನ್ನೂ ತಂದು ಇಟ್ಟಿದ್ದರು. ಗೂಟ ಕೈಗೆ ಸಿಕ್ಕಿ ಕಲ್ಲು ತಿರುಗತೊಡಗಿದ ಮೇಲೆ ಅವಳಿಗೆ ಎದುರಿನ ಗಾಜಿನ ಕಿಟಕಿಯೂ ಮರೆತುಹೋಯಿತು, ಮೇಷ್ಟ್ರ ಮಾತೂ ಮರೆತುಹೋಯಿತು.

ಹತ್ತೀಯ ಹೊಲದಾಗ ಹಾದೀಯ ನೋಡ್ತಾನ
ಬುತ್ತೀಯ ತಂದೇನಿ ಬಾರಣ್ಣ, ದಾವಲಣ್ಣ
ಹೊತ್ತೇರಿ ಬಂತೋ ನೆರಳೀಗೆ

ದಾವಲಸಾಬ ನನ್ನ ಅಪ್ಪ. ಹಾಡು ಚೆನ್ನಾಗಿ ಬಂದಿದೆ ಎಂದು ಮೇಷ್ಟ್ರು ಅದನ್ನು ಹಾಗೇ ಉಳಿಸಿಬಿಟ್ಟರು.

ಅಪ್ಪನ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಹೆಸರು ಇದ್ದೂ ಇಲ್ಲದ ಹಾಗಿತ್ತು. ಗಿರಾಕಿಗಳಿಗೆ ಅವನು 'ಗಾದಿ ಸಾಬ'. ಓಣಿಯ ಹುಡುಗರಿಗೆ ಕಾಕಾ. ನನಗೆ ಅಪ್ಪ, ತಂಗಿಗೆ ಅಣ್ಣ. ಅವ್ವ ಗಂಡನ ಹೆಸರು ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನ ಬೆನ್ನಿಗೆ ತಿವಿದು ನನ್ನಿಂದ ಹೇಳಿಸುತ್ತಿದ್ದಳು. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜ ಅಜ್ಜಿ ಮಣ್ಣಿಗೆ ಹೋಗಿ ಬಹಳ ಕಾಲವಾಗಿತ್ತು. ಅತ್ತಿ ಬಂದ ಕೆಲವೇ ದಿನಕ್ಕೆ ಅಪ್ಪ ಯಾರಿಗೋ ಗಾದಿ ಹೊಲಿದುಕೊಟ್ಟು ಬದಲಿಗೆ ಒಂದು ಹಳೆಯ ಟೇಪ್‌ರೆಕಾರ್ಡರ್ ತಂದ. ಅಂಗಡಿಯಲ್ಲಿ ಕ್ಯಾಸೆಟ್ಟು ಹಚ್ಚಿ ಹೊಲಿಯಲು ಕೂರುತ್ತಿದ್ದ. ಆ ಸಾಲು ಬಂದಾಗ ತಲೆ ಇನ್ನಷ್ಟು ತಗ್ಗಿಸಿ, ದಬ್ಬಣವನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆಯುತ್ತಿದ್ದ. ಅವನು ನಗುವುದು ಕಾಣಬಾರದೆಂದು ಹಾಗೆ ಮಾಡುತ್ತಿದ್ದನೆಂದು ನನಗೆ ಗೊತ್ತಿತ್ತು. ಎದುರಿನ ಕಟ್ಟೆಯ ಮುದುಕರಿಗೂ ಗೊತ್ತಿತ್ತು. ಹಾಡು ಕೇಳಿದ ಮೇಲೆ ಅವರು ಕೆಣಕುವುದಕ್ಕೆಂದೇ ಅವನ ಹೆಸರು ಹಿಡಿಯತೊಡಗಿದ್ದರು.

"ಏನ್ರಿ ದಾವಲಸಾಬ್ರ, ಬುತ್ತಿ ತಂದು ಆಗಿಂದ ಒದರಾಕತ್ತಾರಲ್ರಿ. ಏಳ್ರಿ, ಉಣ್ಣಾಕ ಹೋಗ್ರಿ."

ಅಷ್ಟು ಹೊತ್ತಿಗೆ ಆ ಕ್ಯಾಸೆಟ್ಟು ಎಲ್ಲೆಲ್ಲೂ ಹಬ್ಬಿತ್ತು. ಮದುವೆಯ ಹಂದರದಲ್ಲಿ, ನವಲಗುಂದದ ಬಸ್ಸಿನಲ್ಲಿ, ಪಾನಿನ ಅಂಗಡಿಯಲ್ಲಿ. ನಮ್ಮ ಓಣಿಯ ಹಿಟ್ಟಿನ ಗಿರಣಿಯವನು, ಬೀಸುಕಲ್ಲನ್ನು ಎಲ್ಲರ ಮನೆಯಿಂದ ಹಿತ್ತಿಲಿಗೆ ಹಾಕಿಸಿದ ಪುಣ್ಯಾತ್ಮ, ಅವನೂ ಗಿರಣಿ ಬಂದ್ ಇದ್ದಾಗ ಅದನ್ನೇ ಹಚ್ಚುತ್ತಿದ್ದ. ಹಾಡಿದವಳು ಮಾತ್ರ ನಮ್ಮ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಮಾಡಿ ಕೂತಿರುತ್ತಿದ್ದಳು. ಇಷ್ಟು ದೊಡ್ಡ ದನಿ ಅವಳ ಸಣ್ಣ ಗಂಟಲಲ್ಲಿ ಎಲ್ಲಿತ್ತೋ ಎಂದು ನಾನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ಮನೆಯಲ್ಲಿ ಅವಳು ಒಂದು ಸಾಲನ್ನೂ ಗುನುಗಲಿಲ್ಲ. ಮುನ್ನಿಯ ಲಂಗವನ್ನು ಒಗೆದು, ಒಣಗಿಸಿ, ಮಡಚಿಡುವಳು. ಯಾರೂ ತೊಡದ ಲಂಗ, ಮತ್ತೆ ಒಗೆಯುವಳು. ಅದನ್ನು ನೋಡಿ ನೋಡಿ ಅವ್ವನ ತಲೆ ಕೆಡುತ್ತಿತ್ತು. ಅವ್ವನ ಸಿಟ್ಟು ಹೊರಟರೆ ಹೋಗಿ ಮುಟ್ಟುವುದು ಅಪ್ಪನಿಗೇ.

"ಒಳಗ ಹೆಣ್ಣಮಗಳು ಮೂಲಿ ಹಿಡಿದು ಕುಂತಾಳ. ಹೊರಗ ನೀವು ಆಕಿ ಹಾಡು ಹಚ್ಚಿ ಖುಷಿ ಪಡಾಕತ್ತೀರಿ. ಆಕಿ ಎದಿ ಏನಾಗಬೇಕ್ರಿ?"

"ನನ್ನ ಹೆಸರ ಹಿಡಿದು ಯಾರ ಕರೀತಾರ ಹೇಳು. ನೀ ಕರೀತಿಯೇನು?"

ಇದಕ್ಕೆ ಉತ್ತರವನ್ನು ಅವ್ವನ ಪಾತ್ರೆಗಳು ಕೊಟ್ಟವು. ನಮ್ಮ ಮನೆಯ ಜಗಳಗಳೆಲ್ಲ ಹೀಗೆ ಎರಡು ಮಾತಿಗೆ ಮುಗಿದು, ಮೂರು ದಿನ ಪಾತ್ರೆಗಳಲ್ಲಿ ನಡೆಯುತ್ತಿದ್ದವು. ಆದರೂ ಅವ್ವ ಕೆಟ್ಟವಳಲ್ಲ. ಮೊಹರಮ್ಮಿಗೆ ಸಿಹಿ ಚೊಂಗೆ ಕರಿದಾಗ ಮುನ್ನಿಯ ಪಾಲು ಎಂದು ಎರಡನ್ನು ಬೇರೆ ಕಟ್ಟಿಟ್ಟಳು. ಆ ಕಡೆ ಹೋಗುವವರು ಯಾರೂ ಸಿಗಲಿಲ್ಲ. ಅವು ಬೂಸು ಹಿಡಿದವು. ಬಿಸಾಡುವಾಗ ಅತ್ತಿ ನೋಡಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅತ್ತಿ ನೋಡಿದ್ದಳು.

ಅಪ್ಪ ಆ ಊರಿಗೆ ಹೋಗಿ ಹೋಗಿ ಬಂದ. ಮುನ್ನಿಯನ್ನಾದರೂ ಕಳಿಸಿರಿ ಎಂದರೆ ಮಗು ನಮ್ಮ ಮನೆತನದ್ದು ಎಂದರು. ಕೊನೆಗೆ ಅಲ್ಲಿಯ ಜಮಾತಿನ ಹಿರಿಯ, ಒಳ್ಳೆಯ ಮನುಷ್ಯ, ತಾನೇ ಒಂದು ದಾರಿ ಹುಡುಕಿದ. ಕ್ಯಾಸೆಟ್ಟಿನ ಮೇಲೆ ಯಾರ ಹೆಸರೂ ಇಲ್ಲ. ಅದು ತನ್ನ ದನಿಯಲ್ಲ ಎಂದು ಇಮಾಮಬಿ ನಾಲ್ವರೆದುರು ಅಂದುಬಿಟ್ಟರೆ ಮಾನವೂ ಉಳಿಯಿತು, ಸಂಸಾರವೂ ಉಳಿಯಿತು. ಅದು ಖರೆ ಅಲ್ಲ ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ಕೂಡಿ ಅದನ್ನು ಖರೆ ಎಂದು ಒಪ್ಪಿಕೊಳ್ಳುವುದಷ್ಟೇ ಆಗಬೇಕಿತ್ತು. ಹೀಗೆಯೇ ಊರಮನೆಗಳು ನಡೆಯುತ್ತವೆ, ಈಗಲೂ.

ಅವರು ಒಂದು ಬೆಳಿಗ್ಗೆ ಬಂದರು: ಹಿರಿಯ, ಅತ್ತಿಯ ಗಂಡ, ಗಂಡನ ಅಣ್ಣ. ಅಂಗಡಿಯಲ್ಲಿದ್ದ ಮದುವೆಯ ಗಾದಿಗಳನ್ನೇ ಹಾಸಿ ಕೂರಿಸಿದೆವು. ಅತ್ತಿ ನಡುಕೋಣೆಯ ಪರದೆಯ ಹಿಂದೆ ನಿಂತಳು, ನನ್ನ ಮುಂಗೈ ಹಿಡಿದುಕೊಂಡು. ಬಳೆ ನನ್ನ ಚರ್ಮಕ್ಕೆ ಒತ್ತುತ್ತಿತ್ತು, ಬಿಡಿಸಿಕೊಳ್ಳಲು ಧೈರ್ಯ ಬರಲಿಲ್ಲ.

"ನೋಡವಾ ಇಮಾಮಬಿ," ಹಿರಿಯ ಪರದೆಯ ಕಡೆ ಮುಖ ಮಾಡಿ ಹೇಳಿದ. "ಜಾಸ್ತಿ ಮಾತು ಬ್ಯಾಡ. ಆ ಹಾಡು ನಿಂದೋ, ಅಲ್ಲೋ? ಅಷ್ಟ ಹೇಳು."

"ನಂದಲ್ರಿ."

"ಮುಗೀತು. ಕೇಳಿದ್ರಿಲ್ಲೋ?"

ಮುಗಿಯುತ್ತಿತ್ತು. ಗಂಡ ಅರ್ಧ ಎದ್ದಿದ್ದ ಕೂಡ. ಅವನ ಅಣ್ಣ ಕೂತಲ್ಲಿಂದ ಕದಲಲಿಲ್ಲ.

"ಹಂಗಾದ್ರ ಅದರಾಗ ದಾವಲಣ್ಣ ಯಾರು? ಹಚ್ಚ್ರಿ ಅದನ್ನ, ಎಲ್ಲಾರೂ ಕೇಳೋಣು."

ಅಪ್ಪ ಎದ್ದು ಹಚ್ಚಿದ. ಬೇರೆ ದಾರಿ ಇರಲಿಲ್ಲ. ಹಾಡು ತನ್ನ ಪಾಡಿಗೆ ತಾನು ಬಂತು. ಕಲ್ಲಿನ ಸಪ್ಪಳ, ಹತ್ತಿಯ ಹೊಲ, ಬುತ್ತಿ. ಅತ್ತಿ ಕಣ್ಣು ಮುಚ್ಚಿದಳು. ಹೆಸರು ಬಂತು. ಗಂಡನ ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಟೇಪು ಆರಿಸಿದ. ನಾನು ಪರದೆಯ ಸಂದಿಯಿಂದ ಅವನನ್ನೇ ನೋಡುತ್ತಿದ್ದೆ. ಅವನು ಹೆಗಲ ಮೇಲಿನ ಹತ್ತಿಯನ್ನು ಕೊಡವಿಕೊಂಡ. ಕೊಡವಿದರೆ ಹೋಗುವ ಹತ್ತಿಯಲ್ಲ ಅದು.

"ದಾವಲಸಾಬ ಅನ್ನಾವ್ರು ಊರಿಗಿಬ್ಬರು ಅದಾರ್ರಿ," ಅಂದ. "ಅದು ನಾ ಅಲ್ಲ. ಯಾರೋ ಹೆಣ್ಣಮಗಳು, ಯಾರೋ ಆಕಿ ಅಣ್ಣ. ನಮ್ಮ ತಂಗಿ ಮನ್ಯಾಗ ಸುದ್ದಾ ನನ್ನ ಹೆಸರು ಬಾಯಾಗ ತಂದಾಕಿ ಅಲ್ಲ."

"ಆಣಿ ಮಾಡ್ತೀರೇನು?"

ಹಿರಿಯ ಬೇಡ ಎಂದು ಕೈ ಎತ್ತಿದ. ಅಷ್ಟರಲ್ಲಿ ಅಪ್ಪ ಹೋಗಿ ಬಿಲ್ಲನ್ನು ಮುಟ್ಟಿದ್ದ. ನಮ್ಮಲ್ಲಿ ಅನ್ನ ಕೊಡುವ ಹತ್ಯಾರ ಮುಟ್ಟಿ ಆಣೆ ಮಾಡಿದರೆ ಅದಕ್ಕಿಂತ ಮೇಲಿನ ಮಾತಿಲ್ಲ. ಖೊಟ್ಟಿ ಆಣೆ ಮಾಡಿದವನ ಕೈಗೆ ಆ ಹತ್ಯಾರ ಮತ್ತೆ ಬಾಗುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದನಂತೆ.

"ಆ ಹಾಡು ನನ್ನ ತಂಗೀದಲ್ಲ. ಆ ಹೆಸರು ನಂದಲ್ಲ."

ಪರದೆಯ ಹಿಂದೆ ಅತ್ತಿ ನನ್ನ ಮುಂಗೈ ಬಿಟ್ಟು ನೆಲಕ್ಕೆ ಕೂತಳು. ಹೊರಗೆ ಅವಳ ಗಂಡ, ಪಾಪ, ಅಷ್ಟು ಮಂದಿಯ ಎದುರು ಬಿಕ್ಕಿ ಬಿಕ್ಕಿ ಅತ್ತ. ಅವನಿಗೂ ಸಾಕಾಗಿತ್ತೆಂದು ಕಾಣುತ್ತದೆ.

ಅವತ್ತೇ ಮಧ್ಯಾಹ್ನ ಅತ್ತಿ ಹೊರಟಳು. ಅವ್ವ ಅವಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ತನ್ನ ಹಸಿರು ಸೀರೆ ಉಡಿಸಿದಳು. ಉಡಿಸುವಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಅಳುತ್ತಿದ್ದರು. ನೆರಿಗೆ ಸರಿ ಹಿಡಿ, ಹಂಗ ಎಳೀಬ್ಯಾಡ. ಅಪ್ಪ ಅಂಗಡಿಯಲ್ಲಿ ಗಾದಿಯ ಅಂಚು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ.

"ಅಣ್ಣಾ, ಬರ್ತೇನಿ."

"ಹುಡುಗೀನ್ನ ಛಲೋ ನೋಡ್ಕೊ ತಂಗೆವ್ವ."

ಮರುದಿನ ಅಪ್ಪ ಬಿಲ್ಲಿನ ಹಗ್ಗ ಬಿಚ್ಚಿ, ಅದನ್ನು ಹಳೆಯ ಗೋಣಿಯಲ್ಲಿ ಸುತ್ತಿ, ಅಟ್ಟಕ್ಕೆ ಏರಿಸಿದ. ಆಮೇಲೆ ಅವನು ಬದುಕಿರುವ ತನಕ ಕೈಯಿಂದ ಹತ್ತಿ ಹಿಂಜಲಿಲ್ಲ. ಮಷಿನ್ನಿನಲ್ಲಿ ಹಿಂಜಿಸಿದ ಹತ್ತಿ ತಂದು ಹೊಲಿದ. ಗಿರಾಕಿಗಳು ಗಾದಿ ಮೊದಲಿನಷ್ಟು ಮೆತ್ತಗಿಲ್ಲ ಎಂದು ಗೊಣಗಿದರು, ಕೆಲವರು ಬೇರೆ ಅಂಗಡಿ ಹುಡುಕಿಕೊಂಡರು. ಅಪ್ಪನದು ಯಾರಿಗೂ ವಿವರಣೆ ಕೊಡುವ ಸ್ವಭಾವವಲ್ಲ. ಕ್ಯಾಸೆಟ್ಟನ್ನೂ ಹಚ್ಚಲಿಲ್ಲ. ಬೇರೆ ಎಲ್ಲೋ ಆ ಹಾಡು ಕೇಳಿ ಕಟ್ಟೆಯ ಮುದುಕರು ಹಳೆಯ ಚೇಷ್ಟೆ ಮಾಡಿದರೆ, "ಯಾರದೋ ಹಾಡ್ರಿ ಅದು" ಎಂದು ಒಳಗೆ ಎದ್ದುಬರುತ್ತಿದ್ದ. ಅವನು ಮೆಲ್ಲಗೆ ಮತ್ತೆ ಗಾದಿ ಸಾಬನಾದ. ನಾನು ಆ ವರ್ಷಗಳಲ್ಲಿ ಕಲಿತದ್ದು ಒಂದೇ: ಮನೆಯೊಂದು ಉಳಿಯಬೇಕಾದರೆ ಮನೆಯೊಳಗಿನ ಯಾರೋ ಒಬ್ಬರು ತಮಗೆ ಪ್ರಿಯವಾದದ್ದನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತಾರೆ. ಇದನ್ನು ದೊಡ್ಡ ಗುಣ ಎಂದು ಹೊಗಳುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಅದು ಬಹಳ ದಣಿಸುವ ಗುಣ. ನನಗೂ ಅದು ಅಂಟಿಕೊಂಡಿತು.

ನನ್ನ ನಿಕಾ ಆಗಿ ಧಾರವಾಡಕ್ಕೆ ಹೊರಟಾಗ ಟ್ರಂಕಿನ ತಳದಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಒಯ್ಯಲೇ ಎಂದು ಅಪ್ಪನನ್ನು ಕೇಳಿದೆ. ಒಯ್ಯಿ, ಇಲ್ಲಿ ಯಾರು ಕೇಳುತ್ತಾರೆ ಎಂದ. ಹೊಸ ಮನೆಯಲ್ಲಿ ಯಾರ ಜೊತೆಗೂ ಮಾತು ಹೊಂದದ ದಿನಗಳಲ್ಲಿ ಅದನ್ನು ಸಣ್ಣ ದನಿಯಲ್ಲಿ ಹಚ್ಚಿಕೊಂಡೆ. ಮೊದಲ ಬಸಿರು ಇಳಿದುಹೋದಾಗ, ದೂರದ ಹಳ್ಳಿಯ ಸಾಲಿಗೆ ವರ್ಗವಾಗಿ ಒಬ್ಬಳೇ ಒಂದು ಕೋಣೆಯಲ್ಲಿದ್ದಾಗ, ಗಂಡನ ಮಾತು ನಿಂತು ಅವರು ಹಾಸಿಗೆ ಹಿಡಿದ ಮೇಲೆ, ಪ್ರತಿ ಸಲವೂ ಅದೇ ಹಾಡು. ಟೇಪು ಸವೆದು ದನಿ ಅಲುಗತೊಡಗಿದಾಗ ಮಗಳು ಎಲ್ಲಿಂದಲೋ ಹುಡುಕಿ ಮೊಬೈಲಿಗೆ ಹಾಕಿಕೊಟ್ಟಳು. ಗಂಡನ ಗಂಜಿ ಆರಿಸುತ್ತ ಕೇಳುತ್ತಿದ್ದೆ. ಸಮಾಧಾನ ಸಿಗುತ್ತಿತ್ತು ಎಂದರೆ ಅಷ್ಟು ನಿಜವಲ್ಲ. ನನ್ನ ಹಾಗೆ ದಣಿದ ಇನ್ನೊಬ್ಬ ಹೆಂಗಸು ಪಕ್ಕದಲ್ಲಿ ಕೂತು ತನ್ನ ಕೆಲಸ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಅಪ್ಪ ಹೋದ ವರ್ಷ ತೀರಿಕೊಂಡ. ಕೊನೆಗಾಲದಲ್ಲಿ ಕೆಲಗೇರಿಯಲ್ಲಿ ನನ್ನ ಬಳಿಯೇ ಇದ್ದ, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಅವನು ಹೋದ ಕೆಲವು ತಿಂಗಳಿಗೆ ಕಾಲೇಜಿನ ಒಬ್ಬ ಹುಡುಗಿ ಮನೆಗೆ ಬಂದಳು. ಕ್ಯಾಸೆಟ್ಟನ್ನು ಮತ್ತೆ ಹೊರತರುತ್ತಿದ್ದಾರಂತೆ, ಈ ಸಲ ಹಾಡಿದವರೆಲ್ಲರ ಹೆಸರು, ಫೋಟೋ ಸಮೇತ. ಉಳಿದವರ ಹೆಸರು ಸಿಕ್ಕಿತ್ತು. ಆ ಹತ್ತಿಯ ಹೊಲದ ಹಾಡಿನವಳೊಬ್ಬಳು ಸಿಕ್ಕಿರಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರು ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು. ಚೂಟಿ ಹುಡುಗಿ, ಕೆಲಸದಲ್ಲಿ ಶ್ರದ್ಧೆ ಇತ್ತು. ಕೇಳಿ ಹೇಳುತ್ತೇನೆ ಎಂದು ಅವಳ ನಂಬರು ತೆಗೆದುಕೊಂಡೆ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಮೊಣಕಾಲಿನ ನೋವನ್ನೂ ಲೆಕ್ಕಿಸದೆ ಮರುದಿನವೇ ನವಲಗುಂದದ ಬಸ್ಸು ಹತ್ತಿದೆ.

ಅತ್ತಿ ಈಗ ಮುನ್ನಿಯ ಮನೆಯಲ್ಲಿದ್ದಾಳೆ. ಗಂಡ, ಗಂಡನ ಅಣ್ಣ, ಆ ಹಿರಿಯ, ಯಾರೂ ಉಳಿದಿಲ್ಲ. ಮುನ್ನಿಗೂ ಚಾಳೀಸಿನ ಕನ್ನಡಕ ಬಂದಿದೆ, ಅಂಗನವಾಡಿಯಲ್ಲಿ ಕೆಲಸ. ಅತ್ತಿಗೆ ಕಣ್ಣು ಮಂಜು, ಕಿವಿ ಚುರುಕು. ನಾನು ಎಲ್ಲ ಹೇಳಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು. ಮುನ್ನಿಗೆ ತಡೆಯಲಾಗಲಿಲ್ಲ.

"ಹೇಳಬೇ ಯವ್ವಾ, ಇನ್ನ ಯಾರ ಅಂಜಿಕಿ? ಯಾರ ಅದಾರ ಕೇಳಾವ್ರು?"

"ಅಂಜಿಕಿ ಅಲ್ಲವಾ," ಅಂದಳು ಅತ್ತಿ. ನನ್ನ ಕಡೆ ತಿರುಗಿ, ನನ್ನ ಮುಖ ಎಲ್ಲಿದೆ ಎಂದು ಕೈಯಿಂದ ಹುಡುಕಿದಳು. "ನಿಮ್ಮಪ್ಪ ನನ್ನ ಸಲುವಾಗಿ ಆಣಿ ಮಾಡ್ಯಾನ. ಈಗ ಅಂವ ಮಣ್ಣಾಗ ಮಲಗ್ಯಾನ, ಬಾಯಿ ಇಲ್ಲ ಅವಂಗ. ಇಂಥಾದ್ರಾಗ ನಾ ಎದ್ದು ಹಾಡು ನಂದು ಅಂದ್ರ, ಊರಾಗ ಅಂವ ಖೊಟ್ಟಿ ಮನಶ್ಯಾ ಆಗ್ತಾನವ್ವ. ನನ್ನ ಹೆಸರು ಹಾಕ್ಸಾಕ ನಮ್ಮಣ್ಣನ ಮಾತು ಕೆಡಸ್ಲೇನು?"

ಮುನ್ನಿ ಮಾಡಿಕೊಟ್ಟ ಚಹಾ ಕುಡಿದು ಸಂಜೆಯ ಬಸ್ಸಿಗೆ ಹೊರಟುಬಂದೆ. ಅತ್ತಿಯ ಆ ಮಾತಿಗಾಗಿಯೇ ಈ ಅಧ್ಯಾಯದಲ್ಲಿ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಹಾಡಿನ ಸಾಲುಗಳನ್ನೂ. ಕ್ಯಾಸೆಟ್ಟಿನ ಹೆಸರೂ ಇದಲ್ಲ. ವಾರವಾದ ಮೇಲೆ ಆ ಹುಡುಗಿಯೇ ಫೋನ್ ಮಾಡಿದಳು.

"ಏನಾರ ಗೊತ್ತಾತೇನ್ರಿ ಮೇಡಮ್?"

"ಇಲ್ಲವಾ. ಯಾರೋ ಏನೋ."

ಅವಳು ಬಹಳ ಸಂಕೋಚದಿಂದ ಕೇಳಿದಳು.

"ತಪ್ಪು ತಿಳ್ಕೋಬ್ಯಾಡ್ರಿ. ಆ ಹಾಡಿನ್ಯಾಗ ಬರ್ತೈತಲ್ರಿ, ಅದು ನಿಮ್ಮ ತಂದಿಯವರ ಹೆಸರು ಅಲ್ಲೇನ್ರಿ?"

"ಅಲ್ಲ," ಎಂದೆ.

ಫೋನು ಇಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಅಪ್ಪನನ್ನು ಮಣ್ಣು ಮಾಡಿದ ದಿನ ಬಾರದಿದ್ದ ಅಳು ಆಗ ಬಂತು.